ಲ ಇಲ್ಲದ ನಾಲ್ಕು ದಿನ

ಎಸ್.ಪಿ. ರೋಡಿನಲ್ಲಿ ಒಂಬೈನೂರೈವತ್ತಕ್ಕೆ ತಂದ ಗಾಜು.
ಕೂರಿಸಿಕೊಡಲು ಇನ್ನೂ ನಾನೂರು ಅಂದ ಭವರ್‌ಲಾಲನ ಹುಡುಗ.
ಬೇಡಪ್ಪ ಅಂದೆ. ಇಪ್ಪತ್ತಾರು ವರ್ಷದಿಂದ
ಕಾಟನ್‌ಪೇಟೆಯ ಹೆಂಗಸರ ಬೆನ್ನಿಗೆ ಹುಕ್ಕು ಕೂರಿಸಿದ ಕೈ,
ಒಂದು ಗಾಜು ಕೂರಿಸಲಾರದೇ?

ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗೆ ತಿರುಗಿಸಿ
ಫೋನಿನ ಅಂಚಿಗೆ ತೋರಿಸಿದೆ, ಮುಟ್ಟಿಸದೆ.
ಅಂಟು ಮೆತ್ತಗಾಯಿತು. ಹೊಲಿಗೆ ಬಿಚ್ಚುವ ಕೊಕ್ಕೆಯಲ್ಲಿ
ಮೂಲೆ ಎತ್ತಿದೆ. ಒಡೆದ ಗಾಜು
ಹಪ್ಪಳದ ಸದ್ದು ಮಾಡುತ್ತಾ ಎದ್ದು ಬಂತು.
ಹದಿಮೂರು ಸ್ಕ್ರೂ. ಗುಂಡುಸೂಜಿಯ ಅಯಸ್ಕಾಂತಕ್ಕೆ ಅಂಟಿಸಿ
ಮುಕ್ತಾಳಿಗೆ ಹೇಳಿದೆ: ಉಸಿರು ಬಿಡಬೇಡ.
ಮೊದಲು ಬ್ಯಾಟರಿಯ ಪಟ್ಟಿ ಎತ್ತಬೇಕಂತೆ. ಎತ್ತಿದೆ.
ಹಳೆಯದನ್ನು ಬಿಚ್ಚಿ, ಹೊಸದರ ನಾಲಿಗೆಯನ್ನು
ಪ್ರೆಸ್ ಬಟನ್ ಒತ್ತುವಂತೆ ಒತ್ತಿದೆ.
ಟಿಕ್ ಅಂತೋ ಇಲ್ಲವೋ,
ಅದೇ ಹೊತ್ತಿಗೆ ಹೊರಗೊಂದು ಟೆಂಪೋ ರಿವರ್ಸ್ ಬರುತ್ತಿತ್ತು.

ಬೆಳಕು ಬಂತು! ಮುಕ್ತಾ ಚಪ್ಪಾಳೆ ತಟ್ಟಿದಳು.
ಸುತ್ತ ಅಂಟು ಹಾಕಿ, ನಾಲ್ಕು ಬಟ್ಟೆ ಕ್ಲಿಪ್ಪು ಕಚ್ಚಿಸಿ
ರಾತ್ರಿಯೆಲ್ಲ ಹಾಗೇ ಬಿಟ್ಟೆ.

ಬೆಳಿಗ್ಗೆ ಗೊತ್ತಾಯಿತು:
ಬಲಗಡೆ, ಮೇಲಿಂದ ಕೆಳಗೆ, ಸಣ್ಣ ಬಾರ್ಡರಿನಷ್ಟು ಅಗಲ
ಒಂದು ಪಟ್ಟಿ ಸತ್ತಿದೆ. ಬಣ್ಣವಿದೆ, ಸ್ಪರ್ಶವಿಲ್ಲ.
ಕೀಬೋರ್ಡಿನಲ್ಲಿ ಅಲ್ಲೇ ಕೂತಿದ್ದಾಳೆ ಲ.
ಅವಳ ಕೆಳಗೆ ಳ.

ಫ್ಲಾರೆನ್ಸ್ ಟೀಚರ್ ಕೇಳಿದರು: ಬುಧವಾರಕ್ಕೆ ಎರಡು ಬ್ಲೌಸ್, ಆಗತ್ತಾ?
ಆಗಲ್ಲ ಎಂದು ಒತ್ತಿದೆ. ಹೋದದ್ದು: ಆಗ.
ಥ್ಯಾಂಕ್ಯೂ ಅಂತ ಎರಡು ಹೂವು ಬಂತು.
ಗಿರಿಜಾಂಬ: ಫಾಲ್ ಹಾಕಿದ್ದು ರೆಡಿ ಇದೆಯಾ?
ಇ.
ಅಷ್ಟೇ ಹೋಯಿತು.
ಇಪ್ಪತ್ತು ನಿಮಿಷಕ್ಕೆ ಅಂಗಡಿ ಮೆಟ್ಟಿಲ ಮೇಲಿದ್ದರು.

ಈ ಕಸುಬು ನಿಂತಿರುವುದೇ
ಎರಡು ಮಾತಿನ ಮೇಲೆ: ಇಲ್ಲ, ನಾಳೆ.
ಎರಡೂ ಆ ಪಟ್ಟಿಯಡಿ ಮುಚ್ಚಿಹೋಗಿವೆ.
ಹಿಂದೆ ನಮ್ಮ ಗಲ್ಲಿಯ ಬಾಗಿಲುಗಳಿಗೆ ಸುಣ್ಣದಲ್ಲಿ
ನಾಳೆ ಬಾ ಅಂತ ಬರೆದು ದೆವ್ವವನ್ನೇ ವಾಪಸ್ ಕಳಿಸಿದ್ದೆವು.
ಈಗ ನಸ್ರೀನಳ ನಾದಿನಿಯನ್ನು ಕಳಿಸೋದು ಹೇಗೆ?

ಫೋನ್ ಮಾಡಿ ಹೇಳಿಬಿಡಿ ಅಂದಳು ಮುಕ್ತಾ.
ಬಾಯಿಬಿಟ್ಟು ಇಲ್ಲ ಅನ್ನೋದು ನನಗೆ ಎಂದೂ ಬಂದಿಲ್ಲ ಮಗೂ.
ಬಂದಿದ್ದರೆ ಈ ಅಂಗಡಿ
ಇವತ್ತು ಭಾವನ ಹೆಸರಿಗೆ ಇರುತ್ತಿರಲಿಲ್ಲ.

ಆಗದು ಅಂತ ಒಂದು ಪದ ಹೊಳೆಯಿತು. ಲ ಬೇಡದ್ದು.
ಟೀಚರಿಗೆ ಕಳಿಸಿದೆ. ಅವರೇ ಫೋನ್ ಮಾಡಿದರು:
ಏನಮ್ಮ, ಕೋರ್ಟಿನ ತೀರ್ಪಿನ ಹಾಗೆ? ಬೇಜಾರಾ?
ಛೇ ಛೇ, ಬನ್ನಿ ಟೀಚರ್, ಬುಧವಾರವೇ ಬನ್ನಿ.

ಭವರ್‌ಲಾಲನ ಹುಡುಗ ಕೇಳಿದ: ಅಂಟು ಹಾಕೋಕೆ ಮುಂಚೆ
ಮೂಲೆಮೂಲೆ ಮುಟ್ಟಿ ನೋಡಿದ್ರಾ ಅಕ್ಕಾ?
ನಾನು ಸುಮ್ಮನಾದೆ.
ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡದೆ
ಮಿಷಿನ್ನಿಗೆ ಕೊಟ್ಟಳೆಂದು
ಮುಕ್ತಾಳ ಕೈಗೆ ಸ್ಕೇಲಿನಲ್ಲಿ ಬಾರಿಸಿದವಳು ನಾನೇ.

ನಾಲ್ಕನೇ ರಾತ್ರಿ ಮತ್ತೆ ಇಸ್ತ್ರಿ, ಮತ್ತೆ ಕೊಕ್ಕೆ.
ನಾಲಿಗೆ ಎತ್ತಿದೆ. ಕನ್ನಡಕದ ಮುಂದೆ ಭೂತಗನ್ನಡಿ.
ಪಿನ್ನುಗಳ ಸಾಲಿಗೆ ಅಡ್ಡ, ಅರ್ಧ ಅಕ್ಕಿಕಾಳಿನಷ್ಟು,
ಮಿನುಗುವ ಒಂದು ಎಳೆ.
ಜರಿ.

ಯಾರ ಸೀರೆಯದೋ. ಅಸಲಿಯೇ ಇರಬೇಕು;
ಪ್ಲಾಸ್ಟಿಕ್ಕಾಗಿದ್ದರೆ ಕರೆಂಟು ಅದರ ಮಾತು ಕೇಳುತ್ತಿರಲಿಲ್ಲ.
ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ,
ನನ್ನದೇ ಅಂಗಡಿಯ ಕಸ,
ಬಿಸಾಕಲು ಮನಸ್ಸಾಗದೆ ಸೂಜಿಬುಡ್ಡೆಗೆ ಚುಚ್ಚಿದೆ.

ಮತ್ತೆ ಒತ್ತಿದೆ. ಈ ಸಲದ ಟಿಕ್
ಕಿವಿಗಲ್ಲ, ಬೆರಳ ತುದಿಗೆ ಕೇಳಿಸಿತು.
ಅಂಟಿಗೆ ಮೊದಲು ಮುಟ್ಟಿ ನೋಡಿದೆ. ಲ. ಲಲಲಲ.
ಮಗುವಿಗೆ ಮಾತು ಬಂದ ಹಾಗೆ ಅಂತ ಮುಕ್ತಾ ನಕ್ಕಳು.
ನಸ್ರೀನಳ ನಾದಿನಿಗೆ ನಾಳೆ ಅಂತ ಕಳಿಸಿದೆ.

ಒಂದು ಸ್ಕ್ರೂ ಮಿಕ್ಕಿದೆ.
ಎಲ್ಲಿಯದೋ ಗೊತ್ತಿಲ್ಲ, ಹುಕ್ಕಿನ ಡಬ್ಬಿಗೆ ಹಾಕಿದ್ದೇನೆ.
ಬುಧವಾರಕ್ಕೆ ಒಂಬತ್ತು ಬ್ಲೌಸು.